ಹಡಗಿಗೆ ಹೊರಗಿನ ಬಾಟಲಿ ತರಬಾರದು

ಬೇಡ ಎಂದದ್ದನ್ನೇ ಚೀಲದ ತಳಕ್ಕೆ ಇಟ್ಟುಕೊಂಡು ಬರುವ ಜನ ಈ ಭೂಮಿಯ ಮೇಲೆ ಇರುವವರೆಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ, ನನ್ನ ಸಿಟ್ಟಿಗೂ ಬರವಿಲ್ಲ.

ನಾನು ಬೈಲಹೊಂಗಲದವನು. ತೊಂಬತ್ತರ ದಶಕದ ಆರಂಭದಿಂದ ಹದಿನೈದು ವರ್ಷದ ಆಸುಪಾಸು ಗೋವಾ ಟೂರ್ ನಡೆಸಿದವನು. ಬಾಡಿಗೆಯ ಬಸ್ಸು, ಎರಡು ದಿನದ ಪ್ರವಾಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿಯ ಮಂದಿ ಸೇರಿದರೂ ಬಸ್ಸು ತುಂಬಿಸಿಕೊಂಡು ಹೊರಡುತ್ತಿದ್ದೆ. ನಿಜ ಹೇಳಬೇಕೆಂದರೆ ನಮ್ಮ ಮಂದಿಗೆ ಸಮುದ್ರವೂ ಬೇಕಿರಲಿಲ್ಲ, ಚರ್ಚೂ ಬೇಕಿರಲಿಲ್ಲ. ಸಮುದ್ರದ ಎದುರು ಕಾಲು ತಾಸು ನಿಂತು "ಭಾಳ ನೀರೈತಿ" ಎಂದು ಹೇಳಿ ತಿರುಗಿ ಬಸ್ಸಿಗೆ ಬಂದು ಕೂಡುತ್ತಿದ್ದರು. ಅವರು ಬರುತ್ತಿದ್ದದ್ದು ಪಣಜಿಯ ಸಂಜೆಯ ಹಡಗಿಗಾಗಿ. ಬಣ್ಣದ ದೀಪ, ಮೇಲಿನ ಅಂತಸ್ತಿನಲ್ಲಿ ಹಾಡು ಕುಣಿತ, ಹೊಳೆಯ ಮೇಲೆ ಒಂದು ತಾಸು ಸುತ್ತು. ಊರಿಗೆ ಹೋಗಿ ತಿಂಗಳುಗಟ್ಟಲೆ ಹೇಳಿಕೊಳ್ಳುತ್ತಿದ್ದದ್ದೂ ಅದನ್ನೇ. ಹಡಗು ಇಲ್ಲ ಎಂದರೆ ನನ್ನ ಟೂರಿಗೆ ಒಬ್ಬನೂ ಹೆಸರು ಬರೆಸುತ್ತಿರಲಿಲ್ಲ. ನನ್ನ ಮನೆಯ ಒಲೆ ಉರಿಯುತ್ತಿದ್ದದ್ದು ಆ ಹಡಗಿನ ಮೇಲೆ.

ಹಡಗಿನವರದು ಒಂದೇ ನಿಯಮ. ಹೊರಗಿನ ಬಾಟಲಿ, ಹೊರಗಿನ ತಿನಿಸು ಒಳಗೆ ತರಬಾರದು. ಕುಡಿಯುವುದಿದ್ದರೆ ಅವರ ಹತ್ತಿರವೇ ಕೊಳ್ಳಬೇಕು. ಹತ್ತುವ ಏಣಿಯ ಬಾಯಲ್ಲಿ ಬೋರ್ಡು, ಬೋರ್ಡಿನ ಪಕ್ಕದಲ್ಲಿ ಚೀಲ ತಪಾಸಣೆ ಮಾಡುವ ಕಾವಲುಗಾರ. ಹಡಗಿನ ಮ್ಯಾನೇಜರ್ ಗೋವಾದವನೇ, ಆದರೆ ಕೆಲವು ವರ್ಷ ಬೆಳಗಾವಿಯಲ್ಲಿದ್ದು ಮರಾಠಿ ಕೂಡಿಸಿದ ಕನ್ನಡ ಕಲಿತಿದ್ದ. ಮೊದಲ ದಿನವೇ ನನಗೆ ಹೇಳಿದ, "ತುಮ್ಚಿ ಮಂದಿ ಐಕಲಿಲ್ಲ ಅಂದ್ರ ತುಮ್ಚಿ ಬಸ್ ನಕೋ. ಹತ್ತಸಂಗಿಲ್ಲ." ನನ್ನ ಮಂದಿ ಮಾತು ಕೇಳದಿದ್ದರೆ ನನ್ನ ಬಸ್ಸೇ ಬೇಡವೆಂದು ಅರ್ಥ.

ಅಂದಿನಿಂದ ಪ್ರತಿ ಟ್ರಿಪ್ಪಿನಲ್ಲೂ ಬಸ್ಸು ಹೊರಟ ಕೂಡಲೇ ನಾನು ಮೈಕ್ ಹಿಡಿಯುತ್ತಿದ್ದೆ. "ಬಾಟ್ಲಿ ಇದ್ದವರು ಈಗ ಕೊಡ್ರಿ. ಆಮ್ಯಾಲೆ ಸಿಕ್ರ ನಾನು ಸುಮ್ಮನಿರೋ ಮನಿಷ್ಯಾ ಅಲ್ಲ." ಬಸ್ಸಿನ ತುಂಬ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಹಿಂದಿನ ಸೀಟಿನಿಂದ ಯಾರಾದರೊಬ್ಬ ಹಿರಿಯರು "ಹೇಳ್ರಿ ಅಣ್ಣಾರ, ಕೇಳಾಕತ್ತೇವಿ" ಎನ್ನುತ್ತಿದ್ದರು. ರಸ್ತೆಯ ತಗ್ಗು ಬಂದಾಗ ಅವರ ಕಾಲ ಬುಡದಲ್ಲೇ ಗಾಜಿಗೆ ಗಾಜು ತಾಕುತ್ತಿತ್ತು.

ಒಂದು: ಮಾಸ್ತರರ ದ್ರಾಕ್ಷಿ

ಕಿತ್ತೂರಿನ ಒಬ್ಬ ನಿವೃತ್ತ ಹೆಡ್‌ಮಾಸ್ತರರಿಗೆ ಡಾಕ್ಟರು ಎದೆಗೆ ಒಳ್ಳೆಯದೆಂದು ದಿನಾ ಸ್ವಲ್ಪ ದ್ರಾಕ್ಷಿಯ ವೈನ್ ತೆಗೆದುಕೊಳ್ಳಲು ಹೇಳಿದ್ದರಂತೆ. ಮಾಸ್ತರರು ಜನ್ಮದಲ್ಲಿ ಚಹಾ, ಮಜ್ಜಿಗೆ ಬಿಟ್ಟು ಬೇರೆ ಏನೂ ಕುಡಿದವರಲ್ಲ. ಊರಿನ ಅಂಗಡಿಗೆ ಹೋಗಿ ಕೇಳಲು ನಾಚಿಕೆ. ಊರಲ್ಲಿ ಅರ್ಧ ಮಂದಿ ಅವರ ಕೈಯಲ್ಲಿ ಏಟು ತಿಂದವರು, ಉಳಿದರ್ಧ ಏಟು ತಿಂದವರ ಅಪ್ಪ ಅವ್ವಂದಿರು. ಹಾಗಾಗಿ ಯಾರಿಗೂ ಹೇಳದೆ ಮನೆಯ ಅಟ್ಟದ ಮೇಲೆ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ ಹಾಕಿ ತಾವೇ ವೈನ್ ಮಾಡಿದರು. ಮನೆಯಲ್ಲಿ ಕುಡಿದರೆ ಹೆಂಡತಿ ಬಿಡುವುದಿಲ್ಲ. ಪಣಜಿಯ ಹಡಗಿನ ಮೇಲೆ ಕುಡಿಯೋಣ ಎಂದುಕೊಂಡರು. ಗುರುತಿನವರು ಯಾರೂ ಇರಬಾರದೆಂದು ರಾಮದುರ್ಗದ ಪಾರ್ಟಿ ಇದ್ದ ಬಸ್ಸನ್ನೇ ಆರಿಸಿ ಕಿತ್ತೂರಿನ ಕ್ರಾಸಿನಲ್ಲಿ ಹತ್ತಿದರು. ಇಷ್ಟೆಲ್ಲ ವಿಚಾರ ಮಾಡಿದ ಮನುಷ್ಯ ಒಂದು ವಿಚಾರ ಮಾಡಿರಲಿಲ್ಲ. ವೈನ್ ಇನ್ನೂ ಉಕ್ಕುತ್ತಿತ್ತು, ಅದನ್ನು ಮೂರು ಬಾಟಲಿಗೆ ತುಂಬಿ ಬಿರಡೆ ಬಡಿದು ತಂತಿ ಬಿಗಿದಿದ್ದರು.

ಘಾಟಿಯ ತಿರುವಿನಲ್ಲಿ ಢಂ ಎಂದಿತು. ಡ್ರೈವರ್ ಬಸ್ಸು ನಿಲ್ಲಿಸಿ ಕೆಳಗಿಳಿದ. ನಾನೂ ಇಳಿದೆ. ರಾಡಿನಿಂದ ಒಂದೊಂದೇ ಟೈರು ಬಡಿದು ನೋಡಿದ. ಎಲ್ಲ ಗಟ್ಟಿ. ಬಸ್ಸಿನ ಮಾಲೀಕನಿಗೆ, ಟೈರಿನ ಕಂಪನಿಗೆ, ರಸ್ತೆ ಮಾಡಿದವರಿಗೆ ನಾನು ಬಾಯಿಗೆ ಬಂದಂತೆ ಬೈಯುತ್ತಿರುವಾಗ ಇನ್ನೊಮ್ಮೆ ಢಂ ಎಂದಿತು. ಈ ಸಲ ಬಸ್ಸಿನ ಒಳಗೆ. ಹತ್ತಿ ನೋಡಿದರೆ ಮಾಸ್ತರರ ಬಿಳಿ ಧೋತರ ಮೊಣಕಾಲಿನಿಂದ ಕೆಳಗೆ ನೇರಳೆ. ಪಕ್ಕದ ಸೀಟಿನವರ ಅಂಗಿಯೂ ನೇರಳೆ. ಬಸ್ಸಿನ ತುಂಬ ಹುಳಿ ವಾಸನೆ.

"ಟೈರ್ ಎಲ್ಲಾ ಸುದ್ದ ಅದಾವ್ರಿ," ಎಂದ ಡ್ರೈವರ್.

"ಟೈರಲ್ಲಪಾ, ಅದು ನಂದು," ಎಂದರು ಮಾಸ್ತರರು. "ಔಷಧ."

ನನ್ನ ಪಿತ್ತ ನೆತ್ತಿಗೇರಿತು. ಉಳಿದದ್ದನ್ನು ಕೊಡಿ ಎಂದೆ. ಉಳಿದಿಲ್ಲ ಎಂದರು. ಮಾಸ್ತರರು ಸುಳ್ಳು ಹೇಳುತ್ತಾರೆಂದು ನಂಬುವುದಾದರೂ ಹೇಗೆ? ಸಂಜೆ ಹಡಗಿನ ಏಣಿಯ ಹತ್ತಿರ ಕಾವಲುಗಾರ ಅವರ ಶಾಲಿನ ಸುತ್ತೊಳಗಿಂದ ಮೂರನೆಯ ಬಾಟಲಿ ತೆಗೆದ. ಏನಿದು ಎಂದು ತಂತಿ ಬಿಚ್ಚಿದ. ಬಿರಡೆ ಅವನ ಟೋಪಿಯನ್ನು ಹೊಳೆಗೆ ಹಾರಿಸಿತು, ದ್ರಾಕ್ಷಿಯ ರಸ ಅವನ ಬಿಳಿ ಯೂನಿಫಾರ್ಮನ್ನು ಮಾಸ್ತರರ ಧೋತರದ ಬಣ್ಣಕ್ಕೆ ತಂದಿತು. ಮ್ಯಾನೇಜರ್ ನನಗೆ ಮೊದಲ ಎಚ್ಚರಿಕೆ ಕೊಟ್ಟ. ನಾನು ಮಾಸ್ತರರಿಗೆ ಕೊಟ್ಟೆ, ಗಟ್ಟಿಯಾಗಿ, ದಂಡೆಯ ಮೇಲಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ.

ಅವರು ಬೇಸರಿಸಲಿಲ್ಲ. "ಸಿಟ್ಟಾಗಬ್ಯಾಡ್ರಿ. ನಾಳೆ ಇಲ್ಲೇ ಅಂಗಡ್ಯಾಗ ಕೊಳ್ಳತೇನಿ. ಗೋವಾದಾಗ ನನ್ನ ಗುರುತು ಹಿಡಿಯೋರು ಯಾರದಾರ?"

ಮರುದಿನ ಬೆಳಿಗ್ಗೆ ಪಣಜಿಯ ಒಂದು ವೈನ್ ಅಂಗಡಿಗೆ ಮಾಸ್ತರರು ಎದೆ ಮುಂದೆ ಮಾಡಿ ನಡೆದು ಹೋದರು. ಸಿಟ್ಟು ಇಳಿಯದ ನಾನು ಎದುರಿನ ಚಹಾದ ಅಂಗಡಿಯಿಂದ ನೋಡುತ್ತ ನಿಂತಿದ್ದೆ. ಮಾಸ್ತರರು ಗಲ್ಲಾದ ಮೇಲೆ ಕೈ ಬಡಿದು "ಏ, ಯಾರದಾರ ಒಳಗ?" ಎಂದರು. ಬಾಟಲಿ ಜೋಡಿಸುತ್ತಿದ್ದವನು ತಿರುಗಿದ. ಕೈಯಲ್ಲಿದ್ದದ್ದು ಕೆಳಗಿಟ್ಟು ನೆಟ್ಟಗೆ ನಿಂತ. "ನಮಸ್ಕಾರ್ರಿ ಸರ್. ನಾನ್ರಿ, ಏಳನೇತ್ತಾದಾಗ ಹಿಂದಿನ ಬಾಕಿನ ಮ್ಯಾಲ ಕುಂದ್ರತಿದ್ನೆಲ್ಲರಿ. ಏನ್ ಕೊಡ್ಲ್ರಿ ಸರ್?"

ಮಾಸ್ತರರು ಒಂದು ಕ್ಷಣ ಸುತ್ತಲೂ ನೋಡಿದರು. "ಒಂದು ಕಡ್ಡಿಪೆಟ್ಟಿಗಿ ಕೊಡು," ಎಂದರು.

ಎರಡು: ಗಂಗವ್ವನ ಉಡಿ

ಮಾಸ್ತರರ ವೈನ್ ಮೈಮೇಲೆ ಬಿದ್ದಂದಿನಿಂದ ಆ ಕಾವಲುಗಾರ ನನ್ನ ಬಸ್ಸಿನವರನ್ನು ಕಳ್ಳರಂತೆ ಜಾಲಾಡತೊಡಗಿದ. ಆ ಸಿಟ್ಟು ನನಗೆ ಬೇರೆ ಇತ್ತು. ನನ್ನ ಮಂದಿಗೆ ನಾನು ಬೈಯಬಹುದು, ಅವನ್ಯಾರು?

ಸವದತ್ತಿಯ ಒಂದೇ ಓಣಿಯ ಹೆಣ್ಣುಮಕ್ಕಳು ಒಂದು ಬಸ್ಸು ಮಾಡಿಕೊಂಡು ಬಂದರು. ಎಲ್ಲರ ಮುಂದೆ ಒಬ್ಬ ಅಜ್ಜಿ. ಕಾವಲುಗಾರ ಅವಳ ಚೀಲಕ್ಕೆ ಕೈ ಹಾಕಿ ತೆಂಗಿನಕಾಯಿ, ಖಣ, ಅಕ್ಕಿ, ಅರಿಸಿನ ಕುಂಕುಮದ ಪೊಟ್ಟಣ, ಉತ್ತತ್ತಿ, ಬಾಳೆಹಣ್ಣು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಹೊರಗಿನ ತಿನಿಸು, ನಡೆಯುವುದಿಲ್ಲ ಎಂದ.

"ತಿನ್ನಾಕಲ್ಲೋ ತಮ್ಮಾ," ಎಂದಳು ಅಜ್ಜಿ. "ಗಂಗವ್ವಗ ಉಡಿ ತುಂಬಬೇಕು. ಹೊಳಿ ಮ್ಯಾಲ ಹೋಗತೇವಿ, ಬರಿಗೈಲೆ ಹೋಗತಾರೇನ?"

ಅವನು ಕಾಯಿಯನ್ನು ಕಸದ ಬುಟ್ಟಿಗೆ ಎಸೆದ. ಅಷ್ಟು ಸಾಕಾಯಿತು ನನಗೆ. ಹೆಣ್ಣುಮಕ್ಕಳ ಉಡಿಯ ಸಾಮಾನು ಎಸೆಯುತ್ತೀಯಾ ಎಂದು ನಾನು ಶುರುಮಾಡಿದವನು ಮ್ಯಾನೇಜರ್ ಓಡಿ ಬರುವವರೆಗೆ ನಿಲ್ಲಿಸಲಿಲ್ಲ. ಹಿಂದೆ ಸಾಲಿನಲ್ಲಿ ನಿಂತಿದ್ದ ಮುಂಬಯಿಯ ಸಂಸಾರವೊಂದು ಹೆದರಿ ಟಿಕೆಟ್ ವಾಪಸ್ ಕೊಟ್ಟು ಹೋಯಿತು. ಮ್ಯಾನೇಜರ್ ತಲೆ ಹಿಡಿದುಕೊಂಡು ಒಂದು ರಾಜಿ ಮಾಡಿದ. ಸಾಮಾನು ಒಳಗೆ ಒಯ್ಯಿರಿ, ಆದರೆ ನೀರಿಗೆ ಏನೂ ಹಾಕಬಾರದು, ಹಾಕಿದರೆ ಬಂದರಿನವರು ನನಗೆ ದಂಡ ಹಾಕುತ್ತಾರೆ ಎಂದ.

"ಆತು, ನೀರಾಗ ಹಾಕಂಗಿಲ್ಲ," ಎಂದಳು ಅಜ್ಜಿ. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಹಡಗು ಹೊರಟಿತು. ಮೇಲೆ ದೀಪ ಝಗಝಗ, ಬ್ಯಾಂಡು ಜೋರು. ಒಬ್ಬ ಹುಡುಗಿ ಮೊಣಕಾಲು ಕಾಣುವ ಲಂಗದಲ್ಲಿ ಕುಣಿಯಲು ಬಂದಳು. ಓಣಿಯ ಹೆಣ್ಣುಮಕ್ಕಳೆಲ್ಲ ತಲೆಗೆ ತಲೆ ಹಚ್ಚಿ ಪಿಸಿಪಿಸಿ ಮಾತಾಡಿದರು. ಅಜ್ಜಿ ಎದ್ದಳು.

"ಎಲ್ಲಿ ಹೊಂಟಿ ಆಯಿ?" ಎಂದೆ.

"ದಿನಾ ಹೊಳಿ ಮ್ಯಾಲ ಇರೋ ಹೆಣ್ಣಮಗಳು ಇಕಿ. ಇಕಿಗೆ ತುಂಬಿದ್ರ ಗಂಗವ್ವಗ ಮುಟ್ಟತೈತಿ. ಸರಿ, ಹಾದಿ ಬಿಡು."

ನಾನು ಕೂಗುವುದರೊಳಗೆ ಅಜ್ಜಿ ವೇದಿಕೆ ಹತ್ತಿದ್ದಳು. ಹುಡುಗಿ ಕುಣಿಯುವುದನ್ನು ನಿಲ್ಲಿಸಿದಳು. ಉಡಿ ತುಂಬಲು ಸೆರಗು ಬೇಕಲ್ಲ, ಆ ಹುಡುಗಿಗೆ ಸೆರಗೆಲ್ಲಿ? ಅಜ್ಜಿ ತನ್ನ ಶಾಲು ತೆಗೆದು ಅವಳ ಸೊಂಟಕ್ಕೆ ಸುತ್ತಿ, ತುದಿಯನ್ನು ಅವಳ ಎರಡೂ ಕೈಗೆ ಕೊಟ್ಟು, ಹಣೆಗೆ ಕುಂಕುಮವಿಟ್ಟು, ಕಾಯಿ, ಖಣ, ಅಕ್ಕಿ ಎಲ್ಲ ಹಾಕಿದಳು. "ಥಂಡ್ಯಾಗ ಇಷ್ಟ ಸಣ್ಣ ಲಂಗಾ ಹಾಕ್ಕೋಬ್ಯಾಡವಾ," ಎಂದೂ ಹೇಳಿದಳು. ಹುಡುಗಿಗೆ ಮಾತು ತಿಳಿಯಲಿಲ್ಲ, ಆದರೆ ಬಗ್ಗಿ ಅಜ್ಜಿಯ ಕಾಲು ಮುಟ್ಟಿದಳು. ಆಮೇಲೆ ಓಣಿಯ ಉಳಿದವರು ಎದ್ದರು. ಪ್ರತಿಯೊಬ್ಬಳೂ ಒಂದೊಂದು ಉಡಿ ತಂದಿದ್ದಳು. ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಕಾಯಿ ಎಣಿಸುತ್ತ ಕೂತರು. ಕುಣಿತ ಅಲ್ಲಿಗೆ ಮುಗಿಯಿತು.

ಮ್ಯಾನೇಜರ್ ಹಲ್ಲು ಕಡಿಯುತ್ತ ನನ್ನ ಕಡೆ ಬಂದ. ನನಗೂ ಸಿಟ್ಟು, ಅವನಿಗೂ ಸಿಟ್ಟು. ಇಬ್ಬರೂ ಬಾಯಿ ತೆಗೆಯುವುದರೊಳಗೆ ಉಳಿದ ಪ್ರಯಾಣಿಕರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗವೆಂದೇ ಅವರು ತಿಳಿದಿದ್ದರು. ವೇದಿಕೆಯ ಮುಂದಿನ ಸಾಲಿನ ಕೊನೆಯಲ್ಲಿ ಇಬ್ಬರು ಪರದೇಶದ ಹೆಣ್ಣುಮಕ್ಕಳು, ಸೆರಗಿನ ಬದಲು ಟೋಪಿ ಒಡ್ಡಿಕೊಂಡು ನಿಂತಿದ್ದರು.

ಮೂರು: ಎತ್ತಿನ ಪಾಲು

ನಿಮ್ಮವರು ಹೊರಗಿನಿಂದ ತರುವುದನ್ನು ನಿಲ್ಲಿಸಲು ನಾನೇ ಒಂದು ಉಪಾಯ ಮಾಡಿದ್ದೇನೆ ಎಂದ ಮ್ಯಾನೇಜರ್ ಒಮ್ಮೆ. ಟಿಕೆಟ್ಟಿನ ಜೊತೆ ಒಂದು ಗ್ಲಾಸು ವೈನ್, ಬೇಡವಾದವರಿಗೆ ಶರಬತ್ತು. ಫುಕಟ್. ಫುಕಟ್ ಸಿಕ್ಕಮೇಲೆ ಹೊತ್ತು ತರುವವರು ಯಾರು ಎಂದು ಅವನ ಲೆಕ್ಕ. ನಮ್ಮ ಮಂದಿ ಅವನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ.

ಮುಂದಿನ ಬಸ್ಸು ರಾಮದುರ್ಗದ್ದು. ಎಲ್ಲರೂ ಕುಡಿಯದವರು. ಈ ಸಲವಾದರೂ ನೆಮ್ಮದಿ ಎಂದುಕೊಂಡೆ. ಏಣಿಯ ಹತ್ತಿರ ಕಾವಲುಗಾರ ಒಬ್ಬ ರೈತನ ಚೀಲದಿಂದ ದೊಡ್ಡ ಪ್ಲಾಸ್ಟಿಕ್ ಕ್ಯಾನು ತೆಗೆದ. ಅಲ್ಲಾಡಿಸಿದ. ಖಾಲಿ. ಮೂಸಿದ. ವಾಸನೆ ಇಲ್ಲ. ನನ್ನನ್ನು ಕರೆದ.

"ಖಾಲಿ ಡಬ್ಬಿ ತರಬಾರದಂತ ಎಲ್ಲಿ ಬರದಾರ್ರಿ?" ಎಂದ ರೈತ.

ಬೋರ್ಡು ನೋಡಿದೆವು. ಬರೆದಿರಲಿಲ್ಲ. ಬಿಟ್ಟರು.

ಹಡಗು ಹೊರಟ ಮೇಲೆ ನೋಡುತ್ತೇನೆ, ಕುಡಿಯದ ನಮ್ಮ ಮಂದಿಯೆಲ್ಲ ಶರಬತ್ತು ಬಿಟ್ಟು ವೈನಿಗೆ ಸಾಲು ಹಚ್ಚಿದ್ದಾರೆ. ಗ್ಲಾಸು ತೆಗೆದುಕೊಂಡವರು ಮೂಲೆಗೆ ಹೋಗಿ ಬಗ್ಗಿ ಖಾಲಿ ಗ್ಲಾಸು ಹಿಡಿದುಕೊಂಡು ಬರುತ್ತಿದ್ದಾರೆ. ಮೂಲೆಯಲ್ಲಿ ಆ ರೈತ ಕ್ಯಾನಿನ ಬಾಯಿಗೆ ಹೆಬ್ಬೆರಳಿಟ್ಟುಕೊಂಡು ಕೂತಿದ್ದ.

"ಏನಿದು?" ಎಂದೆ. ಧ್ವನಿ ನನಗೇ ಹೆದರಿಕೆ ಬರುವಷ್ಟು ಏರಿತ್ತು.

"ಎತ್ತಿಗ್ರಿ," ಎಂದ ಅವನು. "ಹೊಟ್ಟಿ ಉಬ್ಬತೈತಿ. ಸ್ವಲ್ಪ ಸೆರೆ ಕುಡಿಸಿದ್ರ ಇಳಿತೈತಿ. ಊರಾಗಿನ ಸೆರೆ ಭಾಳ ಕೆಟ್ಟದ್ರಿ, ಅದರ ಜೀವಕ್ಕ ಒಗ್ಗಂಗಿಲ್ಲ. ಇದು ಹಡಗಿಂದು, ಭಾರೀದ ಇರತೈತಿ ಅಂತ ಎಲ್ಲಾರೂ ನಂಗ ಕೊಟ್ರು."

ಅವನ ಜೊತೆಯವರು ಹೌದೆಂದು ತಲೆ ಆಡಿಸಿದರು. ಒಂದು ಬಸ್ಸಿನ ಮಂದಿ ತಮ್ಮ ಪಾಲಿನ ಶರಬತ್ತು ಬಿಟ್ಟು ಊರಿನ ಎತ್ತಿಗೆ ವೈನ್ ಕೂಡಿಸಿದ್ದರು. ಯಾರಿಗೆ ಬೈಯುವುದು? ನಾನು ಎತ್ತಿಗೇ ಬೈದೆ. ಮರಳಿ ಬರುವಾಗ ಗಡಿಯ ತಪಾಸಣೆಯಲ್ಲಿ ಕ್ಯಾನು ಸಿಕ್ಕಿತು. ಈಗ ಬಸ್ಸೇ ಜಪ್ತಿಯಾಯಿತು ಎಂದುಕೊಂಡೆ. ಅಧಿಕಾರಿ ರೈತನನ್ನು ಕೆಳಗಿಳಿಸಿ ಎತ್ತಿಗೆ ಎಷ್ಟು ಹಲ್ಲು, ಮೇವು ಏನು, ಯಾವಾಗಿನಿಂದ ಉಬ್ಬುತ್ತದೆ ಎಂದು ಕೇಳಿದ. ಕೊನೆಗೆ "ಸ್ವಲ್ಪ ಬೆಲ್ಲ ಕೂಡಿಸಿ ಹಾಕ್ರಿ" ಎಂದು ಹೇಳಿ ಕ್ಯಾನು ವಾಪಸ್ ಕೊಟ್ಟ. ಈ ನಾಡಿನಲ್ಲಿ ಕಾಯ್ದೆಗೆ ಹೆದರುವವನು ನಾನೊಬ್ಬನೇ ಎಂದು ಆಗ ಗೊತ್ತಾಯಿತು.

ತಿಂಗಳ ನಂತರ ಆ ರೈತ ಬೈಲಹೊಂಗಲದ ನನ್ನ ಮನೆ ಹುಡುಕಿಕೊಂಡು ಬಂದ. ಎತ್ತು ಹೇಗಿದೆ ಎಂದೆ.

"ಎತ್ತು ಆರಾಮೈತ್ರಿ. ಕುಡೀಲಿಲ್ಲ. ಮೂಸಿ ನೋಡಿ ಮಾರಿ ತಿರುವಿತು. ಬಿದರಿನ ಗೊಟ್ಟದಾಗ ಹಾಕಿ ಬಾಯಾಗ ಸುರದ್ರ ನನ್ನ ಮ್ಯಾಲೇ ಉಗುಳಿತು. ಹಡಗಿನವರು ನೀರು ಕೂಡಿಸ್ಯಾರ. ನೀವು ಕೇಳಬೇಕು."

ಕೇಳದೆ ಬಿಡುತ್ತೇನೆಯೇ? ಮುಂದಿನ ಟ್ರಿಪ್ಪಿನಲ್ಲಿ ಸಾಲಿನಲ್ಲಿದ್ದ ಎಲ್ಲರ ಎದುರು ಮ್ಯಾನೇಜರ್‌ನನ್ನು ಹಿಡಿದು ನಿಲ್ಲಿಸಿದೆ. ನಮ್ಮ ರಾಮದುರ್ಗದ ಎತ್ತು ನಿನ್ನ ವೈನ್ ಉಗುಳಿದೆ, ಮನುಷ್ಯರಿಗೆ ಏನು ಕುಡಿಸುತ್ತಿದ್ದೀ ಎಂದು ಕೂಗಾಡಿದೆ.

ಅವನು ನನ್ನ ಬಾಯಿಗೆ ಕೈ ಅಡ್ಡ ಹಿಡಿದ. "ಮೆತ್ತಗ ಮಾತಾಡ್ರಿ. ಎತ್ತಿಗೆ ತಿಳದದ್ದು ಗಿರಾಕಿಗೆ ತಿಳಿಯೂದು ಬ್ಯಾಡ."

ನಾಲ್ಕು: ಖಾಲಿ ಕೊಡ

ಅದಾದ ಮೇಲೆ ಫುಕಟ್ ವೈನ್ ನಿಂತಿತು, ಬೋರ್ಡಿನ ಮೇಲೆ ಖಾಲಿ ಪಾತ್ರೆಯನ್ನೂ ತರಬಾರದು ಎಂದು ಒಂದು ಸಾಲು ಏರಿತು. ಆ ಸಾಲಿಗೆ ಬಣ್ಣ ಆರುವುದರೊಳಗೆ ಮನೋಳಿಯ ಹಿರಿಯರೊಬ್ಬರು ತಾಮ್ರದ ಖಾಲಿ ಕೊಡ ಹೊತ್ತುಕೊಂಡು ಏಣಿಯ ಮುಂದೆ ನಿಂತರು. ಮಹಾದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನಮ್ಮ ಕಡೆ ಊರೂರಲ್ಲಿ ಕೂಗು ಎದ್ದಿದ್ದ ವರ್ಷಗಳು ಅವು. ಮನೋಳಿ ಮಲಪ್ರಭೆಯ ದಂಡೆಯ ಊರು.

"ಅಜ್ಜಾ, ಕೊಡ ಯಾಕ ತಂದಿ?" ಎಂದೆ, ಇದ್ದ ತಾಳ್ಮೆಯನ್ನೆಲ್ಲ ಕೂಡಿಸಿಕೊಂಡು.

"ಇದು ಮಹಾದಾಯಿನ ಹೌದಲ್ಲೋ ತಮ್ಮಾ?"

"ಹೌದು. ಇವರು ಮಾಂಡವಿ ಅಂತಾರ."

"ಏನರೆ ಅನ್ನಲಿ. ಇವರು ಕೊಡಂಗಿಲ್ಲ ಅನ್ನಾಕತ್ತಾರ. ಹೆಂಗೂ ಬಂದೇನಿ, ನನ್ನ ಪಾಲಿಂದು ಒಂದು ಕೊಡ ಒಯ್ಯತೇನಿ."

ಕಾವಲುಗಾರ ಬಿಡಲಿಲ್ಲ. ಅಜ್ಜನೂ ಬಿಡಲಿಲ್ಲ. ನಡುವೆ ನಿಂತು ನಾನು ಇಬ್ಬರಿಗೂ ಒದರಿದೆ. ಕೊನೆಗೆ ಅಜ್ಜ ಹಡಗೇ ಬೇಡವೆಂದು ಪಕ್ಕದ ಮೆಟ್ಟಿಲಿಳಿದು ಕೊಡ ಅದ್ದಿದರು. ತುಂಬಿದ ಮೇಲೆ ಬೊಗಸೆಯಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿತು. ಉಗುಳಿದರು.

"ಉಪ್ಪು," ಎಂದರು. "ಈ ನೀರಿಗೇನೋ ನಾವು ಇಷ್ಟು ವರ್ಷ ಬಾಯಿ ಬಡಕೊಳ್ಳಾಕತ್ತಿದ್ದು?"

ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ಸಮುದ್ರದ ನೀರು ಒಳಗೆ ಬರುತ್ತದೆ, ನಾವು ಕೇಳುತ್ತಿರುವುದು ಮೇಲಿನ ಸಿಹಿನೀರು ಎಂದು ಅವರಿಗೆ ತಿಳಿಸಿ ಹೇಳುವುದರೊಳಗೆ ಹಡಗು ನಮ್ಮ ಮಂದಿಯನ್ನು ಹತ್ತಿಸಿಕೊಂಡು ಹೋಗಿ ತಿರುಗಿ ಬಂದಿತು. ಅಜ್ಜ ಎಲ್ಲ ಕೇಳಿಸಿಕೊಂಡು ಕೊಡವನ್ನು ಹೊಳೆಗೆ ಬೋರಲು ಹಾಕಿದರು.

"ಹಂಗಾರ ಜಗಳ ಯಾಕ? ಈ ಉಪ್ಪುನೀರು ಇವರಿಗೇ ಇರಲಿ ಅಂತ ಹೇಳಿಬಿಡು. ಮ್ಯಾಲಿಂದಷ್ಟ ನಮಗ ಕೊಡಲಿ."

ಐದು: ಟವೆಲ್ಲಿನ ಕೆಳಗೆ

ಮ್ಯಾನೇಜರ್ ಕೊನೆಯ ಮಾತು ಹೇಳಿದ. ಇನ್ನೊಂದು ಬಾಟಲಿ ಸಿಕ್ಕರೆ ನಿನ್ನ ಬಸ್ಸಿನವರನ್ನು ಅಂದೂ ಹತ್ತಿಸುವುದಿಲ್ಲ, ಮುಂದೆಂದೂ ಹತ್ತಿಸುವುದಿಲ್ಲ. ಅವನು ಸುಮ್ಮನೆ ಹೆದರಿಸುತ್ತಿರಲಿಲ್ಲ. ನಮ್ಮ ಜಿಲ್ಲೆಯ ಇನ್ನೊಬ್ಬ ಟೂರಿನವನನ್ನು ಹಾಗೆ ಹೊರಗೆ ಹಾಕಿದ್ದ, ಆತ ಧಂಧೆ ಬಿಟ್ಟು ಊರಲ್ಲಿ ಕೂತಿದ್ದ.

ಆ ಮಾತಿನ ಮರು ವಾರದ ಬಸ್ಸು ನಮ್ಮ ಬೈಲಹೊಂಗಲದ್ದೇ, ಹತ್ತಿಯ ಮಾರುಕಟ್ಟೆಯ ದಲಾಲರದು. ದೊಡ್ಡ ಮಂದಿ. ಇವರು ಸಂತೋಷಪಟ್ಟರೆ ಮಾರುಕಟ್ಟೆಯ ಮಂದಿಯೆಲ್ಲ ನನ್ನ ಟೂರಿಗೆ ಬರುತ್ತಾರೆ. ನಾನು ಮೈಕ್ ಹಿಡಿದು ಕೈ ಮುಗಿದೆ. ಈ ಸಲ ಒದರಲೂ ಇಲ್ಲ, ಬೇಡಿಕೊಂಡೆ. "ನನ್ನ ಅನ್ನದ ಪ್ರಶ್ನೆ ಐತ್ರಿ. ಯಾರರೆ ತಂದಿದ್ರ ಇಲ್ಲೇ ಬಿಟ್ಟಬಿಡ್ರಿ." ಎಲ್ಲರೂ ಕಿಟಕಿಯ ಹೊರಗೆ ನೋಡಿದರು.

ಏಣಿಯ ಹತ್ತಿರ ಕಾವಲುಗಾರ ಒಬ್ಬ ದಲಾಲರ ಚೀಲ ಬಿಚ್ಚಿದ. ಒಳಗೆ ಬಿಡಿಸಿದ ಹತ್ತಿ.

"ಸ್ಯಾಂಪಲ್," ಎಂದರು ಅವರು.

ಗೋವಾದಲ್ಲಿ ಹತ್ತಿಯ ಸ್ಯಾಂಪಲ್ ಯಾರಿಗೆ? ಕಾವಲುಗಾರ ಮೊಣಕೈವರೆಗೆ ಕೈ ಹಾಕಿದ. ಒಂದು ಬಾಟಲಿ ಬಂತು. ಮತ್ತೆ ಹಾಕಿದ. ಇನ್ನೊಂದು ಬಂತು. ಮುಂದಿನ ಚೀಲದಲ್ಲೂ ಹತ್ತಿ, ಅದರ ಮುಂದಿನದರಲ್ಲೂ ಹತ್ತಿ. ಗೋವಾದಲ್ಲಿ ಹೆಜ್ಜೆಗೊಂದು ಅಂಗಡಿ ಇದ್ದು, ನಮ್ಮೂರಿಗಿಂತ ಅಗ್ಗವಾಗಿ ಸಿಗುವ ಮಾಲನ್ನು, ಇವರು ಬೈಲಹೊಂಗಲದಿಂದ ಹತ್ತಿಯಲ್ಲಿ ಮಲಗಿಸಿಕೊಂಡು ತಂದಿದ್ದರು.

"ಇಲ್ಲೇ ಸಿಗತಿತ್ತಲ್ರಿ," ಎಂದೆ. ಅಳು ಬರುವುದೊಂದು ಬಾಕಿ.

"ಗುರುತಿಲ್ಲದ ಅಂಗಡ್ಯಾಗ ಹೆಂಗ ತಗೊಳ್ಳೂದ್ರಿ?" ಎಂದರು ಸ್ಯಾಂಪಲ್ಲಿನವರು.

ಆಗ ನಾನು ಬಿಟ್ಟೆ ನೋಡಿ. ದಲಾಲರಿಗೆ ಬೈದೆ, ಕಾವಲುಗಾರನಿಗೆ ಬೈದೆ, ನೀರು ಕೂಡಿಸಿದ ವೈನ್ ಮಾರುವ ಹಡಗಿಗೆ ಬೈದೆ, ಹತ್ತಿ ಬೆಳೆದ ಹೊಲಕ್ಕೆ ಬೈದೆ. ದಂಡೆಯ ಮೇಲಿನ ಬೇರೆ ಪ್ರಯಾಣಿಕರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಮ್ಯಾನೇಜರ್ ಬಂದ. ಕೈ ಎತ್ತಿ, "ಖಲಾಸ್. ತುಮ್ಚಿ ಬಸ್ ನಕೋ," ಎಂದ.

ಇಷ್ಟು ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಗುಂಪಿನಿಂದ ಎಲ್ಲರಿಗಿಂತ ಹಿರಿಯ ದಲಾಲರು ಮುಂದೆ ಬಂದರು. ಹೆಗಲ ಮೇಲಿನ ಟವೆಲ್ ತೆಗೆದರು, ಮ್ಯಾನೇಜರ್‌ನ ಬಲಗೈ ಹಿಡಿದು ಅದರ ಮೇಲೆ ಟವೆಲ್ ಹಾಕಿದರು.

ನಮ್ಮ ಮಾರುಕಟ್ಟೆಯಲ್ಲಿ ದೊಡ್ಡ ವ್ಯಾಪಾರ ಆಗುವುದೇ ಹಾಗೆ. ದರ ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು. ಪಾಪ, ಮ್ಯಾನೇಜರ್‌ಗೆ ಇದೆಲ್ಲಿ ಗೊತ್ತು? ಮುಖ ಬಿಳಿಚಿತು. "ಹೇ ಕಾಯ್ ಕರ್ತಾ? ಏನ್ ಮಾಡ್ತೀರಿ?" ಎಂದು ಕೈ ಎಳೆದುಕೊಳ್ಳಲು ನೋಡಿದ. ಹಿರಿಯರು ಬಿಡಲಿಲ್ಲ. ಅವನ ಒಂದು ಬೆರಳು ಹಿಡಿದರು. ಅವನಿಗೆ ಕಚಗುಳಿಯಾಗಿ ನಗು ಬಂತು. ಕಾವಲುಗಾರ ಸೀಟಿ ಊದಬೇಕೋ ಬೇಡವೋ ತಿಳಿಯದೆ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ನಿಂತ.

ಹಿರಿಯರು ಅವನ ಕಿವಿಯ ಹತ್ತಿರ ಮರಾಠಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಮ್ಯಾನೇಜರ್ ನಗುವುದನ್ನು ನಿಲ್ಲಿಸಿದ. ನನ್ನ ಕಡೆ ಒಮ್ಮೆ ನೋಡಿದ. ಅವನೂ ಕಿವಿಯಲ್ಲಿ ಏನೋ ಹೇಳಿದ. ಟವೆಲ್ ಅಲ್ಲಾಡಿತು. ಹಿರಿಯರು ತಲೆ ಅಡ್ಡ ಆಡಿಸಿದರು. ಮತ್ತೆ ಟವೆಲ್ ಅಲ್ಲಾಡಿತು. ಈಗ ಮ್ಯಾನೇಜರ್ ತಾನೇ ಬೆರಳು ಹುಡುಕಿ ಹಿಡಿಯುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಹೊಳೆಯ ಕಡೆ ನೋಡುತ್ತ ನಿಂತಿದ್ದರು. ಉಳಿದ ದಲಾಲರು ಉಸಿರು ಬಿಡದೆ ಸುತ್ತುವರಿದಿದ್ದರು.

ಹಿರಿಯರು ಟವೆಲ್ ತೆಗೆದು ಝಾಡಿಸಿ ಹೆಗಲಿಗೆ ಹಾಕಿಕೊಂಡರು. "ಸೌದಾ ಕುದರೇತಿ. ಹತ್ತ್ರಿ," ಎಂದರು.

ಕಾವಲುಗಾರ ಪಕ್ಕಕ್ಕೆ ಸರಿದ. ದಲಾಲರು ಹತ್ತಿಯನ್ನು ಅಲ್ಲೇ ಬಿಟ್ಟು ಬಾಟಲಿಗಳನ್ನು ರಾಜಾರೋಷವಾಗಿ ಕೈಯಲ್ಲಿ ಹಿಡಿದುಕೊಂಡು ಏಣಿ ಹತ್ತಿದರು. ಮ್ಯಾನೇಜರ್ ಒಬ್ಬೊಬ್ಬರಿಗೂ ನಮಸ್ಕಾರ ಮಾಡಿದ. ಬಸ್ಸು ಉಳಿಯಿತು, ಧಂಧೆ ಉಳಿಯಿತು. ಎಲ್ಲರೂ ಹತ್ತಿದ ಮೇಲೆ ನಾನು ಏಣಿಗೆ ಕಾಲಿಟ್ಟೆ. ಕಾವಲುಗಾರ ಕೈ ಅಡ್ಡ ಹಾಕಿದ.

"ನೀವಿಲ್ಲ," ಎಂದ.

"ಏ, ಈ ಟೂರು ನಂದು."

ಮೇಲಿಂದ ಹಿರಿಯರು ಕಟಕಟೆಗೆ ಒರಗಿ ಕೆಳಗೆ ನೋಡಿದರು. "ಟೂರ್ ಸಾವಕಾರ್ರ, ಸಿಟ್ಟಾಗಬ್ಯಾಡ್ರಿ. ಅದ ಸೌದಾ ಆಗೇತಿ. ಬಾಟ್ಲಿ ಎಷ್ಟರೆ ತರ್ರಿ, ಒದರೋ ಮನಿಷ್ಯಾನ್ನ ಮಾತ್ರ ತರಬ್ಯಾಡ್ರಿ ಅಂದಾರ. ಬಾಟ್ಲಿಗೆ ಹೆದರಿ ಯಾವ ಗಿರಾಕಿನೂ ಓಡಿ ಹೋಗಿಲ್ಲಂತ, ನಿಮಗ ಹೆದರಿ ಹೋಗ್ಯಾರಂತ."

ನಾನು ಏಣಿಯ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ.

"ಅವರು ಐದು ಬಟ್ಟು ಹಿಡದಿದ್ರು," ಎಂದರು ಹಿರಿಯರು ಸಮಾಧಾನದಿಂದ. "ಐದು ಟ್ರಿಪ್ ನೀವು ದಂಡಿ ಮ್ಯಾಲ ಕುಂದ್ರಬೇಕಂತ. ನಾನು ಎಳದಾಡಿ ಮೂರಕ್ಕ ತಂದೇನಿ. ಲಾಭದ ವ್ಯಾಪಾರ ಮಾಡೇನಿ ನಿಮಗ."

ಹಡಗು ದಂಡೆ ಬಿಟ್ಟಿತು. ಮೇಲೆ ದೀಪ ಹತ್ತಿದವು, ಬ್ಯಾಂಡು ಶುರುವಾಯಿತು, ನಮ್ಮ ದಲಾಲರು ಬಿರಡೆ ತೆಗೆದರು. ನನ್ನೊಳಗಿನದೆಲ್ಲ ಒಮ್ಮೆಲೇ ಮೇಲೆ ಬಂತು. ದಂಡೆಯ ತುದಿಗೆ ಓಡಿ ಹೋಗಿ, ಎರಡೂ ಕೈ ಬಾಯಿಗೆ ಹಚ್ಚಿ, ಬ್ಯಾಂಡಿನ ಸಪ್ಪಳದ ಮೇಲೂ ಕೇಳುವ ಹಾಗೆ ಒದರಿದೆ.

ಹಡಗಿನ ಮೇಲಿಂದ ಮ್ಯಾನೇಜರ್ ಕೈ ಎತ್ತಿ ನಾಲ್ಕು ಬೆರಳು ತೋರಿಸಿದ. ನಾನು ಬಾಯಿ ಮುಚ್ಚಿಕೊಂಡು ಕೂತೆ.